ಸುರುಟಿ ಕಟ್ಟಿದ ಹೊಗೆ

ಬೆಂಗಳೂರಿನಲ್ಲಿ ಗೆಳೆಯನೊಬ್ಬ ಮೊನ್ನೆ ಸಿಗಾರ್ ಪೆಟ್ಟಿಗೆಯೊಂದನ್ನು ಒಡವೆ ತೋರಿಸಿದ ಹಾಗೆ ತೆರೆದು ತೋರಿಸಿದ. ‘ಇದು ಮೆಷಿನ್ ಮಾಲಲ್ಲ. ಪೂರಾ ಕೈಯಲ್ಲೇ ಸುತ್ತಿದ್ದು. ಸಣ್ಣ ತಯಾರಕರು, ಇಷ್ಟೇ ಅಂತ ಎಣಿಸಿ ಮಾಡ್ತಾರೆ’ ಅಂದ. ಒಂದರ ಬೆಲೆ ಕೇಳಿ ನಾನು ಸುಮ್ಮನಾದೆ. ಬಂಗಾರಪೇಟೆಯಲ್ಲಿ ಬೆಳೆದವನಿಗೆ ‘ಕೈಯಲ್ಲಿ ಸುತ್ತಿದ್ದು’ ಎಂಬುದು ದೊಡ್ಡಸ್ತಿಕೆಯ ಮಾತಾಗಿ ಕೇಳಿಸಿದ್ದು ಅದೇ ಮೊದಲು. ನಮ್ಮ ಕಡೆ ಅದು ದಿನಗೂಲಿಯ ಮಾತು.

ನಮ್ಮ ತಾತ ಸೇದುತ್ತಿದ್ದದ್ದು ಚುಟ್ಟಾ. ಅರ್ಧ ಸೇದಿ, ಆರಿಸಿ, ಕಿವಿಯ ಮೇಲೆ ಸಿಕ್ಕಿಸಿಕೊಂಡು ಮಿಕ್ಕಿದ್ದನ್ನು ಸಂಜೆಗೆ ಇಟ್ಟುಕೊಳ್ಳುವರು. ಚುಟ್ಟಾ ತೆಲುಗಿನ ಮಾತು. ಉತ್ತರ ಆರ್ಕಾಟಿನಿಂದ ಬಂದು ಕೋಲಾರ ಚಿನ್ನದ ಗಣಿಯ, ಅಂದರೆ ಕೆಜಿಎಫ್‌ನ, ಕೂಲಿ ಲೈನುಗಳಲ್ಲಿ ನೆಲೆಸಿದವರು ತಮಿಳಿನಲ್ಲಿ ಅದನ್ನೇ ಸುರುಟ್ಟು ಅನ್ನುತ್ತಾರೆ. ಇಂಗ್ಲಿಷರ ಬಾಯಲ್ಲಿ ಅದು ಚೆರೂಟ್ ಆಯಿತು. ಕನ್ನಡದಲ್ಲೂ ಬಿಸಿಲಿಗೆ ಬಿದ್ದ ಎಲೆ ಸುರುಟಿಕೊಳ್ಳುತ್ತದಲ್ಲ, ಆ ಸುರುಟು ಇದಕ್ಕೆ ದೂರದವನೇನಲ್ಲ. ಲಂಡನ್ನಿನ ಅಂಗಡಿಯ ಗಾಜಿನ ಕಪಾಟು ಸೇರಿದ ಹೆಸರು ಹುಟ್ಟಿದ್ದು ದಕ್ಷಿಣದ ಜಗಲಿಯ ಮೇಲೆ.

ಜಾನ್ ಟೇಲರ್ ಕಂಪನಿ ಕೋಲಾರದ ಗಣಿಗೆ ಕೈಹಾಕಿದ್ದು 1880ರಲ್ಲಿ. ಅದಾಗಿ ಏಳು ವರ್ಷಕ್ಕೆ, 1887ರಲ್ಲಿ, ಕಾನನ್ ಡಾಯ್ಲ್ ತನ್ನ ಷರ್ಲಾಕ್ ಹೋಮ್ಸನನ್ನು ಮೊದಲ ಸಲ ಓದುಗರ ಮುಂದೆ ನಿಲ್ಲಿಸಿದ. ಆ ಮೊದಲ ಕಾದಂಬರಿಯಲ್ಲೇ ಹೋಮ್ಸ್ ನೆಲದ ಮೇಲಿನ ಬೂದಿ ನೋಡಿ, ಕೊಲೆಗಾರ ಸೇದಿದ್ದು ತಿರುಚ್ಚಿನಾಪಳ್ಳಿಯ ಸಿಗಾರ್ ಎಂದು ಹೇಳಿಬಿಡುತ್ತಾನೆ. ಇಂಗ್ಲೆಂಡಿನ ಓದುಗರಿಗೆ ಆ ಊರಿನ ಹೆಸರು ಹೊಸದಾಗಿರಲಿಲ್ಲ. ದಿಂಡಿಗಲ್ಲಿನ ಸುತ್ತ ಬೆಳೆದ ಹೊಗೆಸೊಪ್ಪು ತಿರುಚ್ಚಿಯಲ್ಲಿ ಚೆರೂಟಾಗಿ ಹಡಗು ಹತ್ತುತ್ತಿದ್ದ ಕಾಲ ಅದು. ಮದರಾಸಿನ ಸ್ಪೆನ್ಸರ್ ಕಂಪನಿಯೂ ದಿಂಡಿಗಲ್ಲಿನಲ್ಲಿ ಕಾರ್ಖಾನೆ ನಡೆಸಿತು. ತಿರುಚ್ಚಿಯ ಮಾಲು ಗಣಿಯ ಬಂಗಲೆಗಳಿಗೆ ಬರಬೇಕಾದರೆ ಜೋಲಾರಪೇಟೆ ದಾಟಿ ನಮ್ಮೂರಲ್ಲೇ ಇಳಿಯಬೇಕು. ಆಗ ನಮ್ಮೂರಿನ ಹೆಸರು ಬೌರಿಂಗ್‌ಪೇಟೆ. ಇಲ್ಲಿಂದ ಗಣಿಯ ಮಾರಿಕುಪ್ಪಂ ಕಡೆಗೆ ಕವಲು ರೈಲು ಬಂದದ್ದು 1894ರಲ್ಲಿ. ಎರಡು ವರ್ಷ ಕಳೆದು ಬೆಂಗಳೂರು ದಂಡಿಗೆ ಬಂದಿಳಿದ ಚರ್ಚಿಲ್ ಎಂಬ ಹುಡುಗನಿಗೂ ಬಾಯಲ್ಲಿ ಸಿಗಾರ್ ಇಲ್ಲದೆ ಆಗುತ್ತಿರಲಿಲ್ಲವಂತೆ.

ಚೆರೂಟಿನಲ್ಲಿ ಇರುವುದೆಲ್ಲ ಹೊಗೆಸೊಪ್ಪೇ. ಒಳಗೆ ಉದ್ದುದ್ದ ಎಲೆಯ ಹೂರಣ, ಅದನ್ನು ಬಿಗಿಹಿಡಿಯಲು ಒಂದು ಎಲೆ, ಎಲ್ಲಕ್ಕಿಂತ ಮೇಲೆ ನರ ಕಾಣದ ನಯವಾದ ಇನ್ನೊಂದು. ಹವಾನಾ ಸಿಗಾರಿನ ಬಾಯಿಕಡೆ ಟೋಪಿಯಿರುತ್ತದೆ, ಕತ್ತರಿಸಿ ಸೇದಬೇಕು. ನಮ್ಮದಕ್ಕೆ ಆ ಉಪಚಾರವಿಲ್ಲ, ಎರಡು ಕಡೆಯೂ ಬಾಯಿ ಬಿಟ್ಟಿರುತ್ತದೆ. ಸ್ವಾತಂತ್ರ್ಯ ಬಂದು ಸಾಹೇಬರು ಹೊರಟ ಮೇಲೆ, ಸಿಗರೇಟು ಅಗ್ಗವಾದ ಮೇಲೆ, ತಿರುಚ್ಚಿಯ ಮನೆಗಳಲ್ಲಿ ಈ ಕೆಲಸ ಕರಗುತ್ತ ಬಂತು. ಅಲ್ಲಿನ ಉರೈಯೂರಿನ ಫೆನ್ ಥಾಂಪ್ಸನ್ ಎಂಬ ಹಳೆಯ ಹೆಸರು ತೀರಾ ಇತ್ತೀಚಿನವರೆಗೂ ಉಳಿದು ಬಂತು. ಅಪರೂಪದ್ದನ್ನು ಹುಡುಕುವ ಗೆಳೆಯ ಹವಾನಾಕ್ಕಿಂತ ಮೊದಲು ಅತ್ತ ಒಮ್ಮೆ ನೋಡಬಹುದಿತ್ತು.

ಇದೆಲ್ಲ ಬಂಗಲೆಯ ಕಡೆಯ ಹೊಗೆಯಾಯಿತು. ಲೈನುಗಳ ಕಡೆಯ ಹೊಗೆ ಬೀಡಿ. ಅದರಲ್ಲಿ ಹೊಗೆಸೊಪ್ಪು ಚಿಟಿಕೆಯಷ್ಟು, ಮೇಲಿನ ಎಲೆ ಕಾಡಿನದು. ಹೊರಗಿನವರು ತೆಂದು ಅನ್ನುವ ಅದಕ್ಕೆ ಕನ್ನಡದಲ್ಲಿ ತೂಪ್ರ, ತೆಲುಗಿನಲ್ಲಿ ತುನಿಕಾಕು. ಕರಿಮರದ ವಂಶದ ಎಲೆ ಅದು. ನಮ್ಮ ಜಿಲ್ಲೆಯಲ್ಲೂ ಗಡಿಯಾಚೆಯ ಗುಡಿಯಾತ್ತಂನಲ್ಲೂ ಬೀಡಿ ಸುತ್ತುವುದು ಹೆಂಗಸರು ಮನೆಯಲ್ಲೇ ಕೂತು ಮಾಡುವ ಕೆಲಸ. ಮಂಗಳೂರಿನಲ್ಲಿ ಇದು ದೊಡ್ಡ ಉದ್ಯಮವೇ ಆಯಿತು. ಬೀಡಿ ಹೊಗೆಸೊಪ್ಪಿಗೆ ನಿಪ್ಪಾಣಿ ಹೆಸರಾಯಿತು.

ನಮ್ಮ ಹಳೆಯ ಮನೆಯ ಹಿಂದಿನ ಸಂದಿಯಲ್ಲಿ ಆಪಾ, ಅಂದರೆ ಅಕ್ಕ, ಎಂದು ನಾವು ಕರೆಯುತ್ತಿದ್ದ ಒಬ್ಬರು ಬಾಗಿಲಲ್ಲೇ ಕೂತು ಸುತ್ತುತ್ತಿದ್ದರು. ಹಿಂದಿನ ರಾತ್ರಿ ನೆನೆಸಿ ಮೆತ್ತಗಾದ ಎಲೆಯ ಮೇಲೆ ತಗಡಿನ ಅಳತೆ ಇಟ್ಟು ಕತ್ತರಿ ಆಡಿಸುವರು. ತೊಡೆಯ ಮೇಲಿನ ಮೊರದಲ್ಲಿ ಒಂದು ಕಡೆ ಕತ್ತರಿಸಿದ ಎಲೆ, ಇನ್ನೊಂದು ಕಡೆ ಪುಡಿ. ಎಲೆಯನ್ನು ಎಡ ಅಂಗೈಗೆ ತಗೊಂಡು, ಪುಡಿಯನ್ನು ಉದ್ದಕ್ಕೆ ಹರಡಿ, ಎರಡು ಹೆಬ್ಬೆರಳಲ್ಲಿ ಉರುಳಿಸಿದರೆ ಸಣ್ಣ ಶಂಖದ ಹಾಗೆ ಒಂದು ಆಕಾರ. ಅಗಲದ ಬಾಯಿಯನ್ನು ಉಗುರಿನಲ್ಲಿ ಒಳಕ್ಕೆ ಮಡಚಿ, ಸಣ್ಣ ತುದಿಯ ಹತ್ತಿರ ನೂಲು ಸುತ್ತಿದರೆ ಮುಗಿಯಿತು. ಇಷ್ಟು ಹೇಳುವುದರೊಳಗೆ ಅವರ ಕೈಯಲ್ಲಿ ಮೂರಾಗಿರುತ್ತಿತ್ತು. ಇಪ್ಪತ್ತೈದಕ್ಕೊಂದು ಕಟ್ಟು. ಸಾವಿರಕ್ಕೆ ಇಷ್ಟು ಎಂದು ಕೂಲಿ. ಮೇಸ್ತ್ರಿ ಕಟ್ಟು ಬಿಚ್ಚಿ ನೋಡಿ ಚೆನ್ನಾಗಿಲ್ಲವೆಂದು ಪಕ್ಕಕ್ಕೆ ಎತ್ತಿಟ್ಟದ್ದು ಲೆಕ್ಕಕ್ಕಿಲ್ಲ.

ಒಂದೇ ಅಳತೆ, ಒಂದೇ ಬಿಗಿ. ಬಿಗಿ ಹೆಚ್ಚಾದರೆ ಹೊಗೆ ಬಾರದು, ಸಡಿಲಾದರೆ ಪುಡಿ ಬಾಯಿಗೆ ಬರುತ್ತದೆ. ಗೆಳೆಯನ ಪೆಟ್ಟಿಗೆಯ ಜೊತೆಗಿದ್ದ ಸಣ್ಣ ಪುಸ್ತಕದಲ್ಲಿ ಹೊಗಳಿದ್ದ ಗುಣಗಳೆಲ್ಲ ಇವೇ. ಅದರಲ್ಲಿ ಸುತ್ತಿದವರಿಗೆ ಕುಶಲಕರ್ಮಿ ಎಂಬ ಬಿರುದಿತ್ತು. ಇಲ್ಲಿ ಆಪಾಳ ಹೆಸರು ಲೇಬಲ್ಲಿನ ಮೇಲಂತೂ ಬರುವುದಿಲ್ಲ, ಮೇಸ್ತ್ರಿಯ ಪುಸ್ತಕಕ್ಕೆ ಬಂದರೆ ಅದೇ ಪುಣ್ಯ. ಕಾನೂನು ಮಾತ್ರ ಬೀಡಿ, ಸಿಗಾರ್ ಎರಡನ್ನೂ ಒಂದೇ ಸಾಲಲ್ಲಿ ಕೂರಿಸಿತು. 1966ರಲ್ಲಿ ಬಂದದ್ದೇ ‘ಬೀಡಿ ಮತ್ತು ಸಿಗಾರ್ ಕಾರ್ಮಿಕರ’ ಕಾಯ್ದೆ. ಮನೆಯಲ್ಲಿ ಕೂತು ಸುತ್ತುವವರೂ ಕಾರ್ಮಿಕರೇ ಎಂದಿತು ಅದು. ಮಾಲೀಕರು ಕೋರ್ಟಿಗೆ ಹೋದರು. ಮಂಗಳೂರು ಗಣೇಶ ಬೀಡಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1974ರಲ್ಲಿ ಕಾಯ್ದೆಯನ್ನೇ ಎತ್ತಿಹಿಡಿಯಿತು. ಎರಡು ವರ್ಷದಲ್ಲಿ ಕಲ್ಯಾಣ ನಿಧಿಯೂ ಬಂತು. ಆ ನಿಧಿಗೆ ದುಡ್ಡು ತರುತ್ತಿದ್ದ ಸೆಸ್ಸು 2017ರಲ್ಲಿ ಜಿಎಸ್‌ಟಿ ಬಂದಾಗ ಹೋಯಿತು.

ಇಂಥ ಲೇಖನದಲ್ಲಿ ‘ಒಮ್ಮೆ ಸೇದಿ ನೋಡಿ’ ಅನ್ನುವುದು ವಾಡಿಕೆ. ನಾನು ಅನ್ನಲಾರೆ. ಬೀಡಿಯ ಎಲೆ ತಾನಾಗಿ ಉರಿಯದು, ಆರದಿರಲು ಮತ್ತೆ ಮತ್ತೆ ದಮ್ಮು ಎಳೆಯಬೇಕು, ಅಷ್ಟೂ ಎದೆಗಿಳಿಯುತ್ತದೆ. ಕೆಜಿಎಫ್‌ನಲ್ಲಂತೂ ಎದೆಗಳು ಮೊದಲೇ ಕಲ್ಲಿನ ದೂಳು ತುಂಬಿಕೊಂಡಿದ್ದವು. 1940ರ ದಶಕದಲ್ಲಿ ಏಳು ಸಾವಿರಕ್ಕೂ ಹೆಚ್ಚು ಗಣಿ ಕಾರ್ಮಿಕರನ್ನು ಪರೀಕ್ಷಿಸಿದಾಗ ಹತ್ತರಲ್ಲಿ ನಾಲ್ವರಿಗೂ ಮಿಕ್ಕಿ ಸಿಲಿಕೋಸಿಸ್ ಕಂಡಿತ್ತು. ಅಂಥವರು ಶಿಫ್ಟು ಮುಗಿಸಿ ಮೇಲೆ ಬಂದು ಒಂದು ಬೀಡಿ ಹಚ್ಚುವುದನ್ನು ಬೇಡವೆನ್ನಲು ಯಾರಿಗೆ ಮನಸ್ಸು ಬರುತ್ತಿತ್ತೋ. ಸೇದುವುದು ಬೇಡ, ಆದರೆ ಸುತ್ತುವ ಕೈಯನ್ನು ಒಮ್ಮೆ ಕೂತು ನೋಡಿ ಎಂದಷ್ಟೇ ನಾನು ಹೇಳಬಲ್ಲೆ.

ಹತ್ತು ವರ್ಷದವನಿದ್ದಾಗ ನಾನೂ ಒಂದು ಸುತ್ತುತ್ತೇನೆಂದು ಹಟ ಹಿಡಿದೆ. ಆಪಾ ನಕ್ಕು ಎಲೆ ಕೊಟ್ಟರು. ಎಲೆ ಹರಿಯಿತು. ಇನ್ನೊಂದು ಕೊಟ್ಟರು. ಅದು ಹೇಗೋ ನಿಂತಿತು. ‘ಏನಪ್ಪಾ ಇದು, ಕಡ್ಲೆಕಾಯಿ ಪೊಟ್ಟಣ ಕಟ್ಟಿದ್ದೀಯ’ ಅಂದರು. ಆಮೇಲೆ ನೂಲು ಬಿಚ್ಚಿ, ಪುಡಿಯನ್ನು ಒಂದು ಚೂರೂ ಚೆಲ್ಲದೆ ಮೊರಕ್ಕೆ ಉದುರಿಸಿ, ಎಲೆಯನ್ನು ಹೆಬ್ಬೆರಳಿನಿಂದ ನೀವಿ ಸರಿಮಾಡಿ, ಅದೇ ಎಲೆಯಲ್ಲಿ ಇನ್ನೊಂದು ಸುತ್ತಿ ಕಟ್ಟಿನೊಳಕ್ಕೆ ಸೇರಿಸಿದರು.