ಹಳೆಯ ಗರಗಸ: ದುರಸ್ತಿಯೇ, ವಿದಾಯವೇ?

ಮರದ ಮೇಲೆ ಗೆರೆ ಎಳೆಯುವುದು ಸುಲಭ. ಎಳೆದ ಗೆರೆಯ ಮೇಲೆಯೇ ಮರವನ್ನು ಕೊಯ್ಯುವುದು ಕಷ್ಟ. ಆ ಗೆರೆ ನೇರವಾಗಿರದೆ ಬಳ್ಳಿಯಂತೆ ಬಳುಕಿ, ಹಂಸದ ಕೊರಳಿನಂತೆ ಬಾಗಿ, ತನ್ನೊಳಗೆ ತಾನೇ ಸುತ್ತಿಕೊಂಡಿದ್ದರಂತೂ ಬಡಗಿಯ ಸಾಮಾನ್ಯ ಗರಗಸಕ್ಕೆ ಅಲ್ಲಿ ಪ್ರವೇಶವೇ ಇಲ್ಲ. ಅಂಥ ಕಡೆಗಾಗಿಯೇ ಹುಟ್ಟಿದ್ದು ಸ್ಕ್ರೋಲ್ ಗರಗಸ. ನಾವು ಅದನ್ನು ಕುಸುರಿ ಗರಗಸ ಎಂದು ಕರೆದರೆ ತಪ್ಪಾಗದು. ಸುಮಾರು ಐದು ಅಂಗುಲ ಉದ್ದದ, ಒಂದು ಮಿಲಿಮೀಟರಿನ ಆಸುಪಾಸಿನ ಅಗಲದ ಒಂದು ತೆಳು ಅಲಗು ಮೇಜಿನ ನಡುವಿನ ರಂಧ್ರದಲ್ಲಿ ಮೇಲೆ ಕೆಳಗೆ ಆಡುತ್ತಿರುತ್ತದೆ. ಕೆಲಸಗಾರ ಗರಗಸವನ್ನು ಮುಟ್ಟುವುದಿಲ್ಲ. ಮರದ ಹಲಗೆಯನ್ನು ಎರಡು ಕೈಗಳ ಬೆರಳುಗಳಿಂದ ಒತ್ತಿ ಹಿಡಿದು ಅಲಗಿನ ಸುತ್ತ ತಿರುಗಿಸುತ್ತಾನೆ. ಲೇಖನಿ ನಿಂತಲ್ಲೇ ನಿಂತು, ಕಾಗದವೇ ಅದರ ಕೆಳಗೆ ಚಲಿಸಿ ಅಕ್ಷರ ಮೂಡಿದಂತೆ.

ಇದು ನಮಗೆ ದೂರದ ಸಂಗತಿಯೇನಲ್ಲ. ಮೈಸೂರಿನ ಬೀಟೆಮರದ ಇನ್‌ಲೇ ಕೆಲಸವನ್ನು ನೋಡಿದವರಿಗೆ ಇಂಥ ಅಲಗಿನ ಪರಿಚಯ ಇದ್ದೇ ಇರುತ್ತದೆ. ಹಲಸಿನ ಹಳದಿ, ಕರಿಮರದ ಕಪ್ಪು, ಹೀಗೆ ಬಣ್ಣ ಹಚ್ಚದೆ ಮರದ ಸಹಜ ವರ್ಣಗಳಿಂದಲೇ ಆನೆ, ಅಂಬಾರಿ, ಬಾಳೆಯ ತೋಪು, ಹಳ್ಳಿಯ ಹಾದಿಗಳನ್ನು ತುಂಡು ತುಂಡಾಗಿ ಕತ್ತರಿಸಿ, ಬೀಟೆಯ ಹಲಗೆಯಲ್ಲಿ ಅದೇ ಆಕಾರಕ್ಕೆ ತೋಡಿದ ಹಳ್ಳಗಳಲ್ಲಿ ಕೂರಿಸುವ ಕಲೆ ಅದು. 1897ರಲ್ಲಿ ಹಳೆಯ ಮರದ ಅರಮನೆ ಬೆಂಕಿಗೆ ಆಹುತಿಯಾದ ಮೇಲೆ ಹೆನ್ರಿ ಇರ್ವಿನ್ ಅವರ ವಿನ್ಯಾಸದಂತೆ ಎದ್ದು, 1912ರಲ್ಲಿ ಪೂರ್ಣಗೊಂಡ ಮೈಸೂರು ಅರಮನೆಯಲ್ಲಿ ದಂತ ಜಡಿದ ಬೀಟೆಯ ಬಾಗಿಲುಗಳನ್ನು ಇಂದಿಗೂ ಕಾಣಬಹುದು. ದಂತದ ವ್ಯಾಪಾರ ನಿಷಿದ್ಧವಾದ ಮೇಲೆ ಬಿಳಿಯ ಬಣ್ಣಕ್ಕೆ ಪ್ಲಾಸ್ಟಿಕ್ಕು ಬಂದಿತು. ಬಿಲ್ಲಿನಾಕಾರದ ಕೈಗರಗಸದ ಪಕ್ಕದಲ್ಲಿ ಮೋಟಾರಿನ ಗರಗಸವೂ ಬಂದು ಕುಳಿತಿತು. ಆದರೆ ಗೆರೆಯ ಮೇಲೆ ನಡೆಯಬೇಕಾದ ಅಲಗಿನ ಕರ್ತವ್ಯ ಮಾತ್ರ ಬದಲಾಗಲಿಲ್ಲ. ಕೂದಲೆಳೆಯಷ್ಟು ಹೊರಗೆ ಸರಿದರೂ ತುಂಡು ಹಳ್ಳದಲ್ಲಿ ಕೂರುವುದಿಲ್ಲ. ಕುಳಿತರೂ ಸಂದು ಕಾಣುತ್ತದೆ.

ನನಗೆ ಪರಿಚಿತರಾದ ಇಂಥ ಒಬ್ಬ ಕುಶಲಕರ್ಮಿಯ ಬಳಿ ಬಹುಕಾಲದ ಒಂದು ಕುಸುರಿ ಗರಗಸವಿತ್ತು. ಅವರ ತಂದೆಯ ಕಾಲದ್ದು. ಎರಕದ ಕಬ್ಬಿಣದ ಗಟ್ಟಿ ದೇಹ. ಅದು ಈಚೆಗೆ ನಡುಗುತ್ತಿತ್ತು, ಗದ್ದಲ ಮಾಡುತ್ತಿತ್ತು, ಅಲಗುಗಳನ್ನು ಮುರಿಯುತ್ತಿತ್ತು. ದುರಸ್ತಿ ಮಾಡಿಸಲೋ, ಹೊಸದನ್ನು ಕೊಳ್ಳಲೋ ಎಂದು ಅವರು ನನ್ನನ್ನು ಕೇಳಿದರು. ಪುಸ್ತಕ ಓದುವವನಿಗೆ ಎಲ್ಲವೂ ಗೊತ್ತಿರುತ್ತದೆಂಬ ಭ್ರಮೆ ಅವರಿಗಿತ್ತು. ಆ ಭ್ರಮೆಯನ್ನು ಒಡೆಯಲು ಮನಸ್ಸಾಗದೆ ನಾನೂ ಈ ವಿಷಯದಲ್ಲಿ ತಲೆಹಾಕಿದೆ. ಆಗ ತಿಳಿದ ಕೆಲವು ಸಂಗತಿಗಳನ್ನು ಇಲ್ಲಿ ನಿವೇದಿಸುತ್ತೇನೆ. ಹೊಲಿಗೆಯಂತ್ರ, ಪಂಪು, ಬೀಸುವ ಯಂತ್ರ, ಇವುಗಳಲ್ಲಿ ಯಾವುದಾದರೊಂದು ಮುಪ್ಪಡರಿ ಮನೆಯ ಮೂಲೆಯಲ್ಲಿ ಕುಳಿತಿರುವವರಿಗೂ ಇದರಿಂದ ಪ್ರಯೋಜನವಾಗಬಹುದು.

ಮೊದಲ ಪ್ರಶ್ನೆ: ರೋಗ ನಿಜವಾಗಿಯೂ ಯಂತ್ರದ್ದೇ? ಕುಣಿಯಲಾರದವಳು ನೆಲ ಡೊಂಕು ಎಂದ ಗಾದೆ ಇಲ್ಲಿ ಆಗಾಗ ನಿಜವಾಗುತ್ತದೆ. ಮೊಂಡಾದ ಅಲಗನ್ನು ಒತ್ತಾಯದಿಂದ ದುಡಿಸಿದರೆ ಅದು ಮುರಿಯುತ್ತದೆ. ಬೀಟೆಯಂಥ ಗಟ್ಟಿ ಮರದಲ್ಲಿ ಅಲಗು ಬಹುಬೇಗ ಮೊಂಡಾಗುತ್ತದೆ. ಸಾಮಾನ್ಯ ಅಲಗುಗಳನ್ನು ತಯಾರಿಸುವಾಗ ಒಂದು ಪಕ್ಕದಲ್ಲಿ ಸೂಕ್ಷ್ಮವಾದ ಮುಳ್ಳಂಚು ಉಳಿದುಬಿಡುವುದರಿಂದ, ನೇರ ಗೆರೆಯ ಮೇಲೂ ಅವು ಸ್ವಲ್ಪ ಒಂದು ಪಕ್ಕಕ್ಕೆ ಎಳೆಯುತ್ತವೆ. ಇದು ಯಂತ್ರದ ದೋಷವಲ್ಲ. ಮರವನ್ನು ತುಸು ಓರೆಯಾಗಿ ಊಡಿಸುವುದನ್ನು ಕೈ ಕಲಿಯಬೇಕು. ಅಲಗಿನ ಬಿಗಿತವೂ ಮುಖ್ಯ. ತಂಬೂರಿಯ ತಂತಿಯನ್ನು ಮೀಟಿ ನೋಡುವಂತೆ ಅಲಗನ್ನು ಬೆರಳಿನಿಂದ ಮೀಟಿದರೆ ಸ್ಪಷ್ಟವಾದ ನಾದ ಹೊರಡಬೇಕು. ಮಂದವಾಗಿ ಮಿಡಿದರೆ ಬಿಗಿ ಸಾಲದು. ಇನ್ನು ನಡುಕದ ಮಾತು. ಯಂತ್ರವನ್ನು ಹಗುರವಾದ ಅಲುಗುವ ಮೇಜಿನ ಮೇಲೆ ಇಟ್ಟಿದ್ದರೆ, ಇಲ್ಲವೆ ತಳದ ಬೋಲ್ಟುಗಳು ಸಡಿಲವಾಗಿದ್ದರೆ, ಎಂಥ ಉತ್ತಮ ಯಂತ್ರವಾದರೂ ನಡುಗುತ್ತದೆ. ಭಾರವಾದ ಹಲಗೆಗೆ ಬಿಗಿದು ನೋಡುವುದಕ್ಕೆ ಖರ್ಚೇನೂ ಇಲ್ಲ.

ಅಲಗು ಮೇಜಿಗೆ ಲಂಬವಾಗಿದೆಯೇ ಎಂಬುದನ್ನು ತಿಳಿಯಲು ಒಂದು ಸರಳ ಉಪಾಯವಿದೆ. ಎರಡು ಅಂಗುಲ ದಪ್ಪದ ಮರದ ತುಂಡಿಗೆ ಅಲಗಿನಿಂದ ಸಣ್ಣ ಗಾಯ ಮಾಡಿ ನಿಲ್ಲಿಸಬೇಕು. ಯಂತ್ರವನ್ನು ನಿಲ್ಲಿಸಿ, ತುಂಡನ್ನು ಅಲಗಿನ ಹಿಂಬದಿಗೆ ತಂದು, ಅದೇ ಗಾಯದೊಳಗೆ ಅಲಗಿನ ಬೆನ್ನು ಸರಾಗವಾಗಿ ಸೇರುತ್ತದೆಯೇ ಎಂದು ನೋಡಬೇಕು. ಸೇರಿದರೆ ಮೇಜು ಸರಿಯಾಗಿದೆ, ಸೇರದಿದ್ದರೆ ಓರೆಯಾಗಿದೆ. ಓರೆಯನ್ನು ತಿದ್ದುವುದು ತಿರುಪಿನ ಕೆಲಸ, ದುಡ್ಡಿನ ಕೆಲಸವಲ್ಲ.

ಇಷ್ಟಾದ ಮೇಲೂ ತೊಂದರೆ ಉಳಿದರೆ, ರೋಗ ಯಂತ್ರದ್ದೆಂದು ಒಪ್ಪಿಕೊಳ್ಳಬೇಕು. ಎರಡನೆಯ ಪ್ರಶ್ನೆ ಆಗ ಏಳುತ್ತದೆ: ಕೆಟ್ಟಿರುವುದು ಯಾವ ಜಾತಿಯ ಭಾಗ? ಯಂತ್ರದ ಅಂಗಗಳಲ್ಲಿ ಸವೆಯಲೆಂದೇ ಇರುವವು ಕೆಲವು. ಬಾಹುಗಳ ಕೀಲಿನಲ್ಲಿರುವ ಬುಷ್‌ಗಳು, ಬೇರಿಂಗುಗಳು, ಮೋಟಾರಿನ ಇಂಗಾಲದ ಬ್ರಷ್‌ಗಳು, ಪಟ್ಟಿ, ಹೊಟ್ಟನ್ನು ಊದುವ ರಬ್ಬರಿನ ಕೊಳವೆ, ಇವೆಲ್ಲ ಚಪ್ಪಲಿಯ ಅಟ್ಟೆಯಿದ್ದಂತೆ. ಅಟ್ಟೆ ಸವೆಯಿತೆಂದು ಯಾರೂ ಕಾಲನ್ನು ದೂಷಿಸುವುದಿಲ್ಲ. ವಿದ್ಯುತ್ತಿನ ಸಂಪರ್ಕ ತಪ್ಪಿಸಿ, ಬಾಹುವನ್ನು ಕೈಯಿಂದ ಹಿಡಿದು ಪಕ್ಕಕ್ಕೆ ಅಲುಗಿಸಿದಾಗ ಟಕಟಕ ಎಂದರೆ ಬುಷ್ ಸವೆದಿದೆ ಎಂದರ್ಥ. ಕಂಚಿನ ಬುಷ್ಷನ್ನು ಊರಿನ ಲೇತ್ ಕೆಲಸಗಾರ ಅಳತೆ ನೋಡಿ ತಿರುವಿ ಕೊಡಬಲ್ಲ. ಗುಂಡಿನ ಬೇರಿಂಗುಗಳು ಜಗತ್ತಿನೆಲ್ಲೆಡೆ ಒಂದೇ ಅಂಕಿಯ ಹೆಸರಿನಿಂದ ದೊರೆಯುತ್ತವೆ. ಮೋಟಾರು ಗುಂಯ್‌ಗುಡುತ್ತ ತಿರುಗದೆ ನಿಂತರೆ ಬಹುಸಲ ಕೆಪಾಸಿಟರಿನದೇ ತಪ್ಪು. ಅದು ಅಲ್ಪ ಬೆಲೆಯ ವಸ್ತು.

ಮತ್ತೆ ಕೆಲವು ಭಾಗಗಳು ಯಂತ್ರದ ಮೂಳೆಗಳು. ಎರಕದ ಬಾಹುವಿನಲ್ಲಿ ಬಿರುಕು ಬಿಟ್ಟಿದ್ದರೆ, ಕೀಲಿನ ಮನೆಯೇ ಅಗಲವಾಗಿ ವಿರೂಪಗೊಂಡಿದ್ದರೆ, ಬುಷ್ ಹಾಕಿ ಪ್ರಯೋಜನವಿಲ್ಲ. ಎರಕದ ಕಬ್ಬಿಣವನ್ನು ಬೆಸುಗೆ ಹಾಕಬಹುದಾದರೂ, ನಿಮಿಷಕ್ಕೆ ಸಾವಿರಕ್ಕೂ ಹೆಚ್ಚು ಬಾರಿ ಎಳೆದಾಡುವ ಬಾಹುವಿನಲ್ಲಿ ಆ ಬೆಸುಗೆಯನ್ನು ನಂಬಿ ಬೆರಳುಗಳನ್ನು ಮುಂದೆ ಚಾಚುವುದು ಜಾಣತನವಲ್ಲ. ಹಾಗೆಯೇ ಯಂತ್ರದ ಮೈ ಮುಟ್ಟಿದರೆ ವಿದ್ಯುತ್ತು ಚುಚ್ಚುವುದಾದರೆ, ಲೆಕ್ಕಾಚಾರವನ್ನೆಲ್ಲ ಬದಿಗಿಟ್ಟು ಅಂದೇ ಅದನ್ನು ನಿಲ್ಲಿಸಬೇಕು.

ಮೂರನೆಯ ಜಾತಿ ಹೊಸ ಕಾಲದ್ದು. ವೇಗವನ್ನು ಹೆಚ್ಚು ಕಡಿಮೆ ಮಾಡುವ ಎಲೆಕ್ಟ್ರಾನಿಕ್ ಹಲಗೆ ಆಧುನಿಕ ಗರಗಸಗಳಲ್ಲಿರುತ್ತದೆ. ಅದು ಕೆಟ್ಟರೆ ತಯಾರಕರೇ ಕೊಡಬೇಕು. ಅವರು ಆ ಮಾದರಿಯನ್ನು ಕೈಬಿಟ್ಟಿದ್ದರೆ, ದೇಹವೆಲ್ಲ ಗಟ್ಟಿಯಾಗಿದ್ದೂ ಯಂತ್ರ ಮೂಕವಾಗುತ್ತದೆ. ಹಳೆಯ ಕಬ್ಬಿಣದ ಯಂತ್ರ ಊರಿನ ಕಮ್ಮಾರನ ಭಾಷೆಯನ್ನು ಬಲ್ಲುದು; ಹೊಸದಕ್ಕೆ ತಯಾರಕನ ಭಾಷೆಯೊಂದೇ ಗೊತ್ತು. ಈ ಅಸಮತೋಲವನ್ನು ಸರ್ಕಾರಗಳೂ ಗಮನಿಸಿವೆ. ಫ್ರಾನ್ಸ್ ದೇಶ 2021ರಲ್ಲಿ ಕೆಲವು ಗೃಹೋಪಯೋಗಿ ವಸ್ತುಗಳ ಮೇಲೆ ಅವು ಎಷ್ಟರ ಮಟ್ಟಿಗೆ ದುರಸ್ತಿಗೆ ಒದಗುತ್ತವೆಂಬ ಅಂಕವನ್ನು ಮುದ್ರಿಸಬೇಕೆಂದು ವಿಧಿಸಿತು. ನಮ್ಮ ಕೇಂದ್ರ ಸರ್ಕಾರದ ಗ್ರಾಹಕ ವ್ಯವಹಾರಗಳ ಇಲಾಖೆಯೂ 2022ರಲ್ಲಿ ದುರಸ್ತಿಯ ಹಕ್ಕಿನ ವಿಚಾರವನ್ನು ಕೈಗೆತ್ತಿಕೊಂಡಿತು. ಆದ್ದರಿಂದ ಹೊಸದನ್ನು ಕೊಳ್ಳುವವರು ಅದರ ಹೊಳಪಿನ ಜೊತೆಗೆ, ಬಿಡಿಭಾಗ ಎಲ್ಲಿ ಸಿಗುತ್ತದೆಂಬ ಪ್ರಶ್ನೆಯನ್ನೂ ಅಂಗಡಿಯಲ್ಲೇ ಕೇಳುವುದು ಒಳ್ಳೆಯದು.

ಇನ್ನು ಹಣದ ಮಾತು. ದುರಸ್ತಿಯ ವೆಚ್ಚ ಹೊಸದರ ಬೆಲೆಯ ಅರ್ಧವನ್ನು ಮೀರಿದರೆ ಹೊಸದನ್ನೇ ಕೊಳ್ಳಿ ಎಂಬುದು ಬಳಕೆಯ ಸೂತ್ರ. ಮೂಗಿಗಿಂತ ಮೂಗುತಿ ಭಾರವಾಗಬಾರದೆಂಬ ನಮ್ಮ ಗಾದೆಯ ತಿಳಿವಳಿಕೆಯೇ ಅದರಲ್ಲೂ ಇದೆ. ಆದರೆ ಸೂತ್ರ ಕಾಲವನ್ನು ಮರೆಯುತ್ತದೆ. ಲೆಕ್ಕಕ್ಕಾಗಿ ಕೆಲವು ಅಂಕಿಗಳನ್ನು ಹಿಡಿಯೋಣ. ಹೊಸ ಯಂತ್ರಕ್ಕೆ 18,000 ರೂಪಾಯಿ, ಅದರ ಬಾಳಿಕೆ 12 ವರ್ಷ ಎನ್ನೋಣ. ವರ್ಷಕ್ಕೆ 1,500 ರೂಪಾಯಿ ಬಿದ್ದಿತು. ದುರಸ್ತಿಗೆ 4,000 ರೂಪಾಯಿ, ಅದರಿಂದ ಇನ್ನು 4 ವರ್ಷ ನಡೆಯುವುದಾದರೆ ವರ್ಷಕ್ಕೆ 1,000. ಇಲ್ಲಿಗೆ ದುರಸ್ತಿಯೇ ಗೆದ್ದಿತು. ಆದರೆ ದುರಸ್ತಿಯಾದ ಮೇಲೂ ಯಂತ್ರ ದಿನಕ್ಕೆ ಎರಡು ಅಲಗುಗಳನ್ನು ಹೆಚ್ಚಾಗಿ ಮುರಿಯುತ್ತದೆ ಎನ್ನೋಣ. ಅಲಗೊಂದಕ್ಕೆ 20 ರೂಪಾಯಿಯಂತೆ, ವರ್ಷದ 300 ಕೆಲಸದ ದಿನಗಳಿಗೆ 12,000 ರೂಪಾಯಿ! ಗೆದ್ದದ್ದು ಸೋತಿತು. ಕೆಟ್ಟ ತುಂಡುಗಳ ಬೀಟೆ, ಕೆಲಸವಿಲ್ಲದೆ ಕುಳಿತ ದಿನಗಳು, ಮಾತು ತಪ್ಪಿದ ಗಿರಾಕಿ, ಇವು ಬೇರೆ. ಈ ಹಿಂದೆ ಅದಕ್ಕೆ ಸುರಿದ ಹಣವನ್ನು ಮಾತ್ರ ಲೆಕ್ಕಕ್ಕೆ ತರಬಾರದು. ಹರಿದುಹೋದ ನೀರು ಇಂದಿನ ಗದ್ದೆಗೆ ಒದಗುವುದಿಲ್ಲ.

ಹಾಗಾದರೆ ದುರಸ್ತಿಯಿಂದ ರೋಗ ವಾಸಿಯಾಗುತ್ತದೆಯೇ ಎಂಬುದೇ ನಿಜವಾದ ಪ್ರಶ್ನೆ. ಇಲ್ಲಿ ಯಂತ್ರದ ವಿನ್ಯಾಸವನ್ನು ಸ್ವಲ್ಪ ತಿಳಿಯಬೇಕು. ಹಳೆಯ ಮಾದರಿಯ ಗರಗಸಗಳಲ್ಲಿ ಮೇಲಿನ ಬಾಹು ಅಲುಗುವುದಿಲ್ಲ. ಮೋಟಾರು ಅಲಗನ್ನು ಕೆಳಗೆ ಎಳೆಯುತ್ತದೆ. ಮೇಲೆ ಎಳೆದುಕೊಳ್ಳುವುದು ಒಂದು ಸ್ಪ್ರಿಂಗಿನ ಕೆಲಸ. ವೇಗ ಹೆಚ್ಚಾದಾಗ ಸ್ಪ್ರಿಂಗು ಹಿಂದೆ ಬೀಳುತ್ತದೆ, ಅಲಗು ಕ್ಷಣಕಾಲ ಸಡಿಲವಾಗಿ ಬಾಗುತ್ತದೆ, ಬಾಗಿದ್ದು ಮುರಿಯುತ್ತದೆ. ಹೊಸ ಮಾದರಿಯಲ್ಲಿ ಮೇಲೊಂದು ಕೆಳಗೊಂದು ಸಮಾಂತರ ಬಾಹುಗಳಿದ್ದು, ಹಿಂದೆ ಬಿಗಿಸುವ ಸರಳು ಅವುಗಳನ್ನು ಸೇರಿಸುತ್ತದೆ. ಎರಡೂ ಒಟ್ಟಿಗೆ ಏರಿ ಒಟ್ಟಿಗೆ ಇಳಿಯುವುದರಿಂದ ಅಲಗಿನ ಬಿಗಿತ ಸದಾ ಒಂದೇ ಸಮನಾಗಿರುತ್ತದೆ. ಇನ್ನೊಂದು ಭೇದವೂ ಉಂಟು. ಕೆಲವು ಯಂತ್ರಗಳು ತುದಿಯಲ್ಲಿ ಅಡ್ಡ ಮೊಳೆಯುಳ್ಳ ಅಲಗನ್ನಷ್ಟೇ ಹಿಡಿಯುತ್ತವೆ. ಚಿತ್ರದ ಒಳಭಾಗವನ್ನು ಕೊಯ್ಯಬೇಕಾದರೆ ಆ ಮೊಳೆ ತೂರುವಷ್ಟು ದೊಡ್ಡ ತೂತು ಕೊರೆಯಬೇಕು. ಆನೆಯ ಕಣ್ಣಿನಷ್ಟು ಸಣ್ಣ ಜಾಗದಲ್ಲಿ ಅದು ಅಸಾಧ್ಯ. ಇಂಥ ಮಿತಿಗಳನ್ನು ಯಾವ ದುರಸ್ತಿಯೂ ನೀಗಲಾರದು. ದುರಸ್ತಿ ಯಂತ್ರವನ್ನು ಅದರ ಯೌವನಕ್ಕೆ ಮರಳಿಸಬಹುದು. ಮತ್ತೊಂದು ಯಂತ್ರವನ್ನಾಗಿ ಮಾಡಲಾರದು.

ನಮ್ಮ ಕುಶಲಕರ್ಮಿಯ ಗರಗಸವನ್ನು ಇಷ್ಟೆಲ್ಲ ಪರೀಕ್ಷೆಗೆ ಒಡ್ಡಿದೆವು. ದೇಹದಲ್ಲಿ ಬಿರುಕಿರಲಿಲ್ಲ, ಮೋಟಾರು ಆರೋಗ್ಯವಾಗಿತ್ತು, ಮೇಲಿನ ದಂಡದ ಬುಷ್ ಸವೆದಿತ್ತು, ಸ್ಪ್ರಿಂಗು ಸೋತಿತ್ತು. ಎರಡನ್ನೂ ಅಗ್ಗದಲ್ಲಿ ಬದಲಾಯಿಸಬಹುದಿತ್ತು. ಬದಲಾಯಿಸಿದರೆ ಅಲಗಿನ ನಷ್ಟವೂ ಬಹುಮಟ್ಟಿಗೆ ತಗ್ಗುತ್ತದೆಂದು ತೋರಿತು. ನಾನು ಸಂತೋಷದಿಂದ ದುರಸ್ತಿಯ ಪಕ್ಷವನ್ನು ವಹಿಸಿದೆ. ತಂದೆಯ ಕೈ ಆಡಿದ ಯಂತ್ರ, ಇಂದಿನವರು ಎರಕ ಹೊಯ್ಯಲಾರದ ಕಬ್ಬಿಣ, ಹೀಗೆಲ್ಲ ಒಂದಿಷ್ಟು ಭಾಷಣವನ್ನೂ ಮಾಡಿದೆ.

ಅವರು ಎಲ್ಲವನ್ನೂ ಕೇಳಿಸಿಕೊಂಡು, ತಮ್ಮ ಎರಡು ಕೈಗಳನ್ನು ನನ್ನ ಮುಂದೆ ಚಾಚಿದರು. ರಾತ್ರಿ ಮಲಗಿದ ಮೇಲೆ ಬೆರಳ ತುದಿಗಳು ಜೋಮು ಹಿಡಿಯುತ್ತವೆ, ಬೆಳಿಗ್ಗೆ ಲೋಟ ಹಿಡಿದರೆ ಹಿಡಿದದ್ದು ತಿಳಿಯುವುದಿಲ್ಲ ಎಂದರು. "ನೀವು ಇದನ್ನು ನೋಡಲು ಬರುತ್ತೀರಿ, ನಾನು ಇದರ ಮುಂದೆ ದಿನಕ್ಕೆ ಆರು ಗಂಟೆ ಕೂರುತ್ತೇನೆ. ಹೊಸದಾಗಿದ್ದಾಗಲೂ ಇದು ನಡುಗುತ್ತಿತ್ತು. ಅಪ್ಪನಿಗೂ ಹೀಗೆಯೇ ಆಗುತ್ತಿತ್ತು. ಅದು ವಯಸ್ಸು ಎಂದುಕೊಂಡಿದ್ದೆವು."

ನನ್ನ ಲೆಕ್ಕದ ಪಟ್ಟಿಯಲ್ಲಿ ಬುಷ್ ಇತ್ತು, ಸ್ಪ್ರಿಂಗ್ ಇತ್ತು, ಅಲಗಿನ ಬೆಲೆ ಇತ್ತು, ಬೆರಳುಗಳಿರಲಿಲ್ಲ. ದೀರ್ಘಕಾಲದ ಕಂಪನದಿಂದ ಕೈಯ ರಕ್ತನಾಳಗಳಿಗೂ ನರಗಳಿಗೂ ಹಾನಿಯಾಗುತ್ತದೆಂಬುದು ವೈದ್ಯರು ಬಹುಕಾಲದಿಂದ ಬಲ್ಲ ಸಂಗತಿ. ಗೆರೆಯ ಮೇಲೆ ಅಲಗನ್ನು ನಡೆಸುವುದು ಕಣ್ಣಷ್ಟೇ ಅಲ್ಲ, ಬೆರಳಿನ ಸ್ಪರ್ಶ. ಅದು ಹೋದರೆ ಯಾವ ಅಂಗಡಿಯಲ್ಲಿ ಬಿಡಿಭಾಗ ಸಿಕ್ಕೀತು?

ಅವರು ವೈದ್ಯರಿಗೆ ಕೈ ತೋರಿಸಿದರು. ಸಾಲ ಮಾಡಿ ಸಮಾಂತರ ಬಾಹುಗಳ ಗರಗಸವನ್ನು ಕೊಂಡರು. ಹಳೆಯದರ ಮೋಟಾರನ್ನು ಬಿಚ್ಚಿ ಹೊಳಪು ಕೊಡುವ ಚಕ್ರಕ್ಕೆ ಜೋಡಿಸಿದರು. ಕಬ್ಬಿಣದ ದೇಹ ಅಂಗಳದ ಗೋಡೆಯ ಬದಿಯಲ್ಲಿದೆ. ಮೊನ್ನೆ ಹೋದಾಗ ಅದರ ಮೇಲೆ ಹಲಸಿನ ಹಲಗೆಗಳನ್ನು ಒಣಗಲು ಒರಗಿಸಿದ್ದರು.