ಬೆಂಕಿಯಲ್ಲೇ ಬಲಿಯುವ ಮೂಸೆ

ಕೂಡ್ಲಿಗಿಯಿಂದ ಕೊಟ್ಟೂರಿನ ಕಡೆಗೋ ಹರಪನಹಳ್ಳಿಯ ಕಡೆಗೋ ಹೊಲದ ಬದುವಿನ ಮೇಲೆ ನಡೆದರೆ ಬೆಣಚುಕಲ್ಲು ಕಾಲಿಗೆ ತಗುಲದೆ ಇರದು. ಉಳುವಾಗ ಮೇಲೆದ್ದದ್ದನ್ನು ಆರಿಸಿ ಬದುವಿಗೆ ಎಸೆಯುತ್ತಾರೆ. ಹುಡುಗರು ಕತ್ತಲಲ್ಲಿ ಎರಡು ಕಲ್ಲು ತಿಕ್ಕಿ ಅದರ ಮಿಣುಕು ಬೆಳಕು ನೋಡುತ್ತಾರೆ. ಇಂಥ ಹೊಲಗಳ ಮೂಲೆಯಲ್ಲಿ ಈಗ ಅಲ್ಲಲ್ಲಿ ಕೊಳವೆಬಾವಿಯ ಪಂಪಿಗೆ ಸೋಲಾರ್ ಫಲಕಗಳೂ ನಿಂತಿವೆ. ಫಲಕದೊಳಗಿನ ಸಿಲಿಕಾನ್, ಬದುವಿನ ಬೆಣಚು ಎರಡೂ ಒಂದೇ ಮನೆತನದವು. ಸಿಲಿಕಾನ್ ಜೊತೆ ಆಮ್ಲಜನಕ ಕೂಡಿದರೆ ಬೆಣಚು. ಕಲ್ಲಿನಿಂದ ಫಲಕದವರೆಗಿನ ದಾರಿಯಲ್ಲಿ ಒಂದು ಪಾತ್ರೆ ಬರುತ್ತದೆ. ಹೊರಗಿನವರ ಕಣ್ಣಿಗೆ ಅದು ಬೀಳುವುದೇ ಇಲ್ಲ. ಆ ಪಾತ್ರೆಯೂ ಬೆಣಚಿನದೇ.

ಅದರ ಹೆಸರು ನಮಗೆ ಹೊಸದಲ್ಲ. ಹಡಗಲಿಯಲ್ಲಾಗಲಿ ಹಗರಿಬೊಮ್ಮನಹಳ್ಳಿಯಲ್ಲಾಗಲಿ ಅಕ್ಕಸಾಲಿಗರ ಅಂಗಡಿಯಲ್ಲಿ ಚಿನ್ನ ಕರಗಿಸುವ ಪುಟ್ಟ ಬಟ್ಟಲನ್ನು ಮೂಸೆ ಎನ್ನುತ್ತಾರೆ. ಹೊಸ ಮೂಸೆಗೆ ನೇರವಾಗಿ ಚಿನ್ನ ಹಾಕುವುದಿಲ್ಲ. ಮೊದಲು ಬಿಳಿಗಾರ ಉದುರಿಸಿ ಕೆಂಪಗೆ ಕಾಯಿಸಿ, ಒಳಮೈಗೆ ನುಣುಪಾದ ಪೊರೆ ಕಟ್ಟಿಸಿ ಹದ ಮಾಡುತ್ತಾರೆ. ಪಾತ್ರೆಯನ್ನು ಬೆಂಕಿಗೆ ಒಗ್ಗಿಸುವ ಈ ಕೆಲಸವೇ ಇಂದು ಸಿಲಿಕಾನ್ ಹರಳು ಬೆಳೆಸುವ ಕಾರ್ಖಾನೆಗಳಲ್ಲಿ ಬಹು ದೊಡ್ಡ ವಿದ್ಯೆಯಾಗಿದೆ.

ಹರಳು ಬೆಳೆಸುವ ಕ್ರಮಕ್ಕೆ ಪೋಲೆಂಡಿನ ಯಾನ್ ಚೊಕ್ರಾಲ್ಸ್ಕಿಯ ಹೆಸರಿದೆ. ಅವರು 1916ರಲ್ಲಿ ಕರಗಿದ ಲೋಹದಿಂದ ಒಂದೇ ಹರಳಿನ ಎಳೆ ತೆಗೆಯುವುದನ್ನು ಕಂಡುಕೊಂಡರು. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಗಾರ್ಡನ್ ಟೀಲ್ ಮತ್ತು ಸಂಗಡಿಗರು 1950ರ ಸುಮಾರಿಗೆ ಅದನ್ನು ಜರ್ಮೇನಿಯಂಗೆ, ಆಮೇಲೆ ಸಿಲಿಕಾನ್‌ಗೆ ಒಗ್ಗಿಸಿದರು. ಪಾಕದಲ್ಲಿ ದಾರ ಇಳಿಬಿಟ್ಟು ಕಲ್ಲುಸಕ್ಕರೆ ಬೆಳೆಸುವುದನ್ನು ನೆನೆಯಿರಿ. ಇಲ್ಲಿ ಪಾಕವೆಂದರೆ 1,414 ಡಿಗ್ರಿಯಲ್ಲಿ ಕರಗಿದ ಸಿಲಿಕಾನ್, ದಾರದ ಬದಲು ಒಂದು ಬೀಜದ ಹರಳು. ಅದನ್ನು ಪಾಕಕ್ಕೆ ತಾಗಿಸಿ, ತಿರುಗಿಸುತ್ತ, ನಿಮಿಷಕ್ಕೆ ಒಂದು ಮಿಲಿಮೀಟರಿನ ಆಸುಪಾಸಿನ ವೇಗದಲ್ಲಿ ಮೇಲಕ್ಕೆತ್ತುತ್ತಾರೆ. ಆಳೆತ್ತರದ ಕಂಬವೊಂದು ಇಡೀ ಒಂದೇ ಹರಳಾಗಿ ಏಳುತ್ತದೆ. ಇದಕ್ಕೆ ದಿನಗಟ್ಟಲೆ ಬೇಕು. ಅಷ್ಟೂ ಹೊತ್ತು ಮೂಸೆ ತಾಳಬೇಕು.

ಕರಗಿದ ಸಿಲಿಕಾನ್ ಮುಟ್ಟಿದ್ದನ್ನೆಲ್ಲ ತಿನ್ನುತ್ತದೆ. ಲೋಹದ ಪಾತ್ರೆಯಾದರೆ ಲೋಹ ಕರಗಿ ಹರಳು ಕೆಡುತ್ತದೆ. ಬೆಣಚು ಕರಗಿಸಿ ಮಾಡಿದ ಗಾಜಿನ ಮೂಸೆಯೂ ಕರಗುತ್ತದೆ, ಆದರೆ ಅದರಿಂದ ಬರುವುದು ಸಿಲಿಕಾನ್ ಮತ್ತು ಆಮ್ಲಜನಕ ಮಾತ್ರ. ಸಿಲಿಕಾನ್ ಎಂದರೆ ಮನೆಯ ಸರಕು. ಆಮ್ಲಜನಕದ ಬಹುಪಾಲು ಆವಿಯಾಗಿ ಹೋಗುತ್ತದೆ, ಹರಳಿನಲ್ಲಿ ಉಳಿಯುವ ತುಸು ಅದರ ಗಟ್ಟಿತನಕ್ಕೆ ಒದಗುತ್ತದೆ. ಹೀಗಾಗಿ ಎಪ್ಪತ್ತು ವರ್ಷ ಕಳೆದರೂ ಬೇರೆ ಪಾತ್ರೆ ಈ ಜಾಗಕ್ಕೆ ಬಂದಿಲ್ಲ.

ತೊಂದರೆ ಇರುವುದು ಶಾಖದಲ್ಲಿ. ಗಾಜಿಗೆ ಇಂಥಲ್ಲೇ ಕರಗುತ್ತೇನೆಂಬ ಗೆರೆಯಿಲ್ಲ, ಮೆಲ್ಲಮೆಲ್ಲನೆ ಮೆತ್ತಗಾಗುತ್ತದೆ. ಸಿಲಿಕಾನ್ ಕರಗುವ ಬಿಸಿಯಲ್ಲಿ ಬೆಣಚಿನ ಗಾಜು ತನ್ನ ಭಾರ ತಾನೇ ಹೊರಲಾರದು. ನೂರಾರು ಕಿಲೋ ಪಾಕ ತುಂಬಿದ ಮೂಸೆಯ ಅಂಚು ಜೋಲುತ್ತದೆ, ಪಕ್ಕೆ ಒಳಕ್ಕೆ ಬಾಗುತ್ತದೆ. ಅದಕ್ಕೇ ಹೊರಗೆ ಗ್ರಾಫೈಟಿನ ಇನ್ನೊಂದು ಪಾತ್ರೆ ಆಸರೆ ಕೊಡುತ್ತದೆ. ಇದರ ಜೊತೆಗೆ ಗಾಜಿನ ಮೈಯಲ್ಲಿ ಅಲ್ಲಲ್ಲಿ ಕ್ರಿಸ್ಟೋಬಲೈಟ್ ಎಂಬ ಹರಳು ಕಂದು ಉಂಗುರದ ಆಕಾರದಲ್ಲಿ ಹುಟ್ಟುತ್ತದೆ. ಅದರ ಒಂದು ಚಕ್ಕೆ ಕಳಚಿ ಬೆಳೆಯುವ ಹರಳಿಗೆ ತಾಗಿದರೆ ಮುಗಿಯಿತು, ಪರಮಾಣುಗಳ ಸಾಲು ತಪ್ಪಿ ಅಲ್ಲಿಯವರೆಗಿನ ಕೆಲಸ ಹಾಳು.

ಇದಕ್ಕೆ ಕಂಡುಕೊಂಡ ಉಪಾಯ ನನಗೆ ಬಲು ಇಷ್ಟ. ಹರಳಾಗುವುದನ್ನು ತಡೆಯಲು ಹೆಣಗುವುದಕ್ಕಿಂತ ಇಡೀ ಮೈಯನ್ನು ಒಟ್ಟಿಗೆ ಹರಳಾಗಿಸಿದರೆ ಹೇಗೆ? ಮೂಸೆಯ ಗೋಡೆಗೆ ಬೇರಿಯಂ ಲವಣವನ್ನು ತೆಳ್ಳಗೆ ಲೇಪಿಸುತ್ತಾರೆ. ಕುಲುಮೆ ಕಾದಂತೆ ಬೇರಿಯಂ ಎಲ್ಲೆಡೆ ಏಕಕಾಲಕ್ಕೆ ಸಣ್ಣ ಸಣ್ಣ ಹರಳುಗಳನ್ನು ಚಿಗುರಿಸುತ್ತದೆ. ಅವು ಒತ್ತೊತ್ತಾಗಿ ಹೆಣೆದುಕೊಂಡು ಗಟ್ಟಿ ಪೊರೆಯಾಗುತ್ತವೆ. ಗಾಜು ಮೆತ್ತಗಾಗುವ ಬಿಸಿಯಲ್ಲೂ ಈ ಪೊರೆ ಬಾಗದು, ಚಕ್ಕೆ ಏಳದು, ಕರಗುವುದೂ ನಿಧಾನ. ಬೇರಿಯಂ ಬೆಳೆಯುವ ಹರಳಿನೊಳಗೆ ಹೆಚ್ಚುಕಡಿಮೆ ಹೊಗುವುದೇ ಇಲ್ಲ. ಮೂಸೆಯ ಆಯುಸ್ಸು ನೂರು ಗಂಟೆ ದಾಟಿದ್ದು ಇಂಥ ಲೇಪಗಳಿಂದ.

ಉಳಿದ ಸುಧಾರಣೆಗಳು ಮೂಸೆ ಮಾಡುವ ಹಂತದವು. ತಿರುಗುವ ಅಚ್ಚಿನೊಳಗೆ ಬೆಣಚಿನ ಪುಡಿ ಗೋಡೆಗೆ ಅಂಟಿ ನಿಲ್ಲುತ್ತದೆ. ನಡುವೆ ವಿದ್ಯುತ್ ಕಿಡಿ ಹೊತ್ತಿಸಿ ಕರಗಿಸುತ್ತಾರೆ. ಅಚ್ಚಿನ ಕಡೆಯಿಂದ ಗಾಳಿ ಹೀರಿ ಒಳಪದರದ ಗುಳ್ಳೆ ತೆಗೆಯುತ್ತಾರೆ. ಒಳಪದರ ತಿಳಿಯಾಗಿರಬೇಕು, ಏಕೆಂದರೆ ಗುಳ್ಳೆ ಬಿಸಿಗೆ ಉಬ್ಬಿ ಒಡೆದರೆ ಚೂರು ಪಾಕಕ್ಕೆ ಬೀಳುತ್ತದೆ. ಹೊರಪದರದಲ್ಲಿ ಗುಳ್ಳೆ ಬೇಕೇ ಬೇಕು, ಶಾಖವನ್ನು ಚದುರಿಸಿ ಸಮನಾಗಿ ಹಂಚುವುದು ಅದೇ.

ಹಾಗಾದರೆ ನಮ್ಮ ಬದುವಿನ ಬೆಣಚು ಆಗದೆ? ಅದು ಹಾಲಿನಂತೆ ಬೆಳ್ಳಗಿರುವುದಕ್ಕೆ ಕಾರಣ ಒಳಗೆ ಸಿಕ್ಕಿಕೊಂಡ ಕಣ್ಣಿಗೆ ಕಾಣದ ನೀರಿನ ಹನಿಗಳು. ಕರಗಿಸಿದಾಗ ಗುಳ್ಳೆಯಾಗುವುದು ಅವೇ. ಸೋಡಿಯಂ, ಪೊಟ್ಯಾಸಿಯಂ ಒಂದಿಷ್ಟು ಇದ್ದರೂ ಗಾಜು ಬೇಗ ಮೆತ್ತಗಾಗುತ್ತದೆ. ಬೇಕಾದಷ್ಟು ಶುದ್ಧ ಬೆಣಚು ಸಿಗುವ ಜಾಗ ಜಗತ್ತಿನಲ್ಲಿ ಕೆಲವೇ. ಅವುಗಳಲ್ಲಿ ಮುಖ್ಯವಾದದ್ದು ಅಮೆರಿಕದ ನಾರ್ತ್ ಕೆರೊಲಿನಾದ ಸ್ಪ್ರೂಸ್ ಪೈನ್. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದು ಅಲ್ಲಿನ ಗಣಿಗಳು ನಿಂತಾಗ ಸಿಲಿಕಾನ್ ಹರಳನ್ನೇ ನಂಬಿದ ಚಿಪ್ ಉದ್ಯಮವೆಲ್ಲ ಆತಂಕಪಟ್ಟಿತು. ನಮ್ಮಲ್ಲಿ ಹಿಂದೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ಎ.ಆರ್. ವಾಸುದೇವಮೂರ್ತಿಯವರು ಶುದ್ಧ ಸಿಲಿಕಾನ್ ತಯಾರಿಯನ್ನು ಸ್ವಂತವಾಗಿ ರೂಪಿಸಿ, ಅದು ಕಾವೇರಿ ದಂಡೆಯ ಮೆಟ್ಟೂರಿನ ಮೆಟ್ಕೆಮ್ ಸಿಲಿಕಾನ್ ಕಾರ್ಖಾನೆಗೆ ತಲುಪುವಂತೆ ಮಾಡಿದವರು. ಸಿಲಿಕಾನ್‌ಗೆ ಪಟ್ಟ ಅಂಥ ಶ್ರಮ ಮೂಸೆಗೂ ಸಲ್ಲಬೇಕು ಎಂಬುದು ನನ್ನ ಬಲವಾದ ಆಸೆ.

ಆಸೆಗೆ ಕಾರಣವಿದೆ. ಮೂಸೆಯನ್ನು ಬೆಂಕಿಗೆ ಒಗ್ಗಿಸುವುದು ನಮ್ಮ ಸೀಮೆ ಬಲ್ಲ ಕೆಲಸ. ಪಕ್ಕದ ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯಲ್ಲಿ ಉಕ್ಕು ಕರಗಿಸಿದ ಹಳೆಯ ಮಣ್ಣಿನ ಮೂಸೆಗಳ ಚೂರು ಸಿಕ್ಕಿವೆ. ಯೂರೋಪಿನವರು ವೂಟ್ಜ್ ಎಂದು ಕರೆದದ್ದು ಈ ಉಕ್ಕನ್ನೇ. ಜಾರ್ಜ್ ಪಿಯರ್ಸನ್ 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಅದರ ಬಗ್ಗೆ ಬರೆದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಬುಕಾನನ್, ಮೂಸೆಗೆ ಕಬ್ಬಿಣದ ತುಂಡಿನ ಜೊತೆ ತಂಗಡಿ ಗಿಡದ ಕಡ್ಡಿ ಇಟ್ಟು ಬಾಯಿ ಮುಚ್ಚಿ ಕಾಯಿಸುವುದನ್ನು ಬರೆದಿಟ್ಟಿದ್ದಾರೆ. ಹಳದಿ ಹೂ ಬಿಡುವ ಆ ತಂಗಡಿ ನಮ್ಮ ಒಣ ಬೀಡುಗಳಲ್ಲಿ ಈಗಲೂ ಇದೆ. ಆ ಉಕ್ಕಿಗೆ ಬೇಕಿದ್ದ ಬಿಸಿಯೂ ಸಿಲಿಕಾನ್‌ನದೇ, 1,400 ಡಿಗ್ರಿಯ ಸುಮಾರು.

ಸಾಮಾನ್ಯ ಜೇಡಿಮಣ್ಣು ಅಷ್ಟು ಬಿಸಿ ತಾಳದು. ದಖ್ಖನದ ಕಮ್ಮಾರರು ಅದಕ್ಕೆ ಭತ್ತದ ಹೊಟ್ಟನ್ನು ಧಾರಾಳವಾಗಿ ಕಲಸುತ್ತಿದ್ದರು. ಹೊಟ್ಟು ಸುಟ್ಟ ಬೂದಿಯಲ್ಲಿ ನೂರಕ್ಕೆ ತೊಂಬತ್ತರಷ್ಟು ಸಿಲಿಕಾ, ಅಂದರೆ ಬೆಣಚಿನ ಸತ್ವವೇ. ಗಾಳಿ ಸಿಗದ ಗೋಡೆಯೊಳಗೆ ಹೊಟ್ಟು ಇದ್ದಿಲಾಗಿ ಉಳಿಯುತ್ತದೆ. ಇದ್ದಿಲು ಮತ್ತು ಸಿಲಿಕಾ ಸೇರಿ ಹಂದರ ಕಟ್ಟುತ್ತವೆ. ಜೇಡಿಯೊಳಗೆ ಮುಲ್ಲೈಟ್ ಎಂಬ ಸೂಜಿಹರಳು ಬೆಳೆಯುತ್ತವೆ. ಮೂಸೆ ಬೆಂಕಿಗೆ ಹೋದ ಮೇಲೆಯೇ ಬಲಿಯುತ್ತದೆ. ಸೂಕ್ಷ್ಮದರ್ಶಕದಡಿ ಇದನ್ನು ನೋಡಿ ಹೇಳಿದ ಸಂಶೋಧಕರ ಮಾತು ಓದಿದಾಗ ನನಗೆ ಬೇರಿಯಂ ಲೇಪದ ನೆನಪೇ ಬಂತು. ಗುಟ್ಟು ಒಂದೇ.

ಕಮ್ಮಾರರ ಮೂಸೆಯೂ ಕಾರ್ಖಾನೆಯ ಮೂಸೆಯೂ ಒಂದೇ ಬಾಳಿನವು. ಉಕ್ಕಿನ ಗಟ್ಟಿ ತೆಗೆಯಲು ಮಣ್ಣಿನ ಮೂಸೆ ಒಡೆಯಬೇಕು. ಹರಳು ಎತ್ತಿದ ಮೇಲೆ ತಳದಲ್ಲುಳಿದ ಸಿಲಿಕಾನ್ ಹೆಪ್ಪುಗಟ್ಟುತ್ತ ಹಿಗ್ಗುತ್ತದೆ, ಆರುವಾಗ ಕ್ರಿಸ್ಟೋಬಲೈಟ್ ಪೊರೆ ಕುಗ್ಗುತ್ತದೆ, ಬೆಣಚಿನ ಮೂಸೆ ತಾನೇ ಬಿರಿಯುತ್ತದೆ. ಘಟ್ಟಿಹೊಸಹಳ್ಳಿಯಲ್ಲಿ ಮಾಡಿದ ಉಕ್ಕು ಎಲ್ಲೆಲ್ಲಿಗೋ ಹೋಯಿತು. ಅಲ್ಲೇ ಮಣ್ಣಿನಲ್ಲಿ ಉಳಿದದ್ದು, ಹೊಟ್ಟಿನ ಗುರುತು ಹೊತ್ತ ಕಪ್ಪು ಮೂಸೆಯ ಚೂರುಗಳು.