ಕಿವಿಯೊಳಗಿನ ಯಂತ್ರ ಕೆಟ್ಟರೆ ತಡಮಾಡಬೇಡಿ



ಕಿವಿ ಕೇಳದ ಮಗುವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿಸಿದ ಮೇಲೆ "ಆಪರೇಷನ್ ಆಯ್ತಲ್ಲ, ಇನ್ನು ಚಿಂತೆ ಇಲ್ಲ" ಅಂತ ನಾವು ನೆಮ್ಮದಿಯಾಗಿರ್ತೇವೆ. ಹೆಚ್ಚಿನವರಿಗೆ ಅದು ಬಹಳ ವರ್ಷ ಬಾಳಿಕೆ ಬರುತ್ತದೆ. ಆದರೆ ಮಕ್ಕಳಿರಲಿ, ದೊಡ್ಡವರಿರಲಿ, ಕೆಲವರಿಗೆ ಮತ್ತೆ ಆಪರೇಷನ್ ಮಾಡಿ ಅದನ್ನು ಬದಲಾಯಿಸಬೇಕಾಗುತ್ತದೆ.

ಇದಕ್ಕೆ ಎರಡು ಭಾಗ. ಕಿವಿಯ ಮೇಲಿನ ಪ್ರೊಸೆಸರ್, ತಲೆಗೆ ಅಂಟುವ ಕಾಯಿಲ್ ಹೊರಗಿನವು. ಇವು ಕೆಟ್ಟರೆ ಆಪರೇಷನ್ ಬೇಡ, ರಿಪೇರಿ ಸಾಕು. ಇನ್ನೊಂದು ಭಾಗ ಚರ್ಮದ ಕೆಳಗಿರುತ್ತದೆ. ಅದರ ಸಣ್ಣ ತಂತಿ ಒಳಕಿವಿಗೆ ಹೋಗಿರುತ್ತದೆ. ಅದು ಕೆಟ್ಟರೆ ಬದಲಾಯಿಸಲೇಬೇಕು.

ಯಾಕೆ ಕೆಡುತ್ತದೆ? ಬಿದ್ದು ತಲೆಗೆ ಪೆಟ್ಟಾಗಬಹುದು, ಕೀವಾಗಬಹುದು, ತಂತಿ ಜಾರಬಹುದು, ಯಂತ್ರವೇ ಕೈಕೊಡಬಹುದು. 2011ರಲ್ಲಿ ಒಂದು ದೊಡ್ಡ ಕಂಪನಿಯೇ ತನ್ನ ಒಂದು ಮಾದರಿಯನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಆದ್ದರಿಂದ "ತಾಯಿ ಸರಿಯಾಗಿ ನೋಡಿಕೊಳ್ಳಲಿಲ್ಲ" ಅಂತ ಯಾರೂ ದೂರಬಾರದು.

ಈ ಲಕ್ಷಣಗಳನ್ನು ಗಮನಿಸಿ:
* ಕರೆದರೆ ಓಗೊಡುತ್ತಿದ್ದ ಮಗು ಈಗ ತಿರುಗಿ ನೋಡುವುದಿಲ್ಲ.
* ಶಬ್ದ ಬಂದು ಬಂದು ನಿಲ್ಲುತ್ತದೆ.
* ಮಾತು ಅಸ್ಪಷ್ಟವಾಗುತ್ತಿದೆ.
* ಕಾಯಿಲ್ ಕಿತ್ತು ಬಿಸಾಡುತ್ತದೆ, ನೋವು ಅನ್ನುತ್ತದೆ.
* ಕಿವಿಯ ಹಿಂದೆ ಕೆಂಪು, ಊತ, ಕೀವು.

ಇದನ್ನು ಹಟ ಅಂತ ತಿಳಿದು ಹೊಡೆಯಬೇಡಿ. ಮೊದಲು ಬ್ಯಾಟರಿ, ಹೊರಗಿನ ವಯರ್ ನೋಡಿ. ಆದರೂ ಸರಿಹೋಗದಿದ್ದರೆ ಶ್ರವಣ ತಜ್ಞರ ಹತ್ತಿರ ಹೋಗಿ. ಊತ, ಕೀವು ಇದ್ದರೆ ಕಾಯದೆ ಅದೇ ದಿನ ವೈದ್ಯರಿಗೆ ತೋರಿಸಿ. ಕೆಲವೊಮ್ಮೆ ಕಂಪ್ಯೂಟರ್ ಪರೀಕ್ಷೆಯಲ್ಲಿ "ಎಲ್ಲಾ ಸರಿ" ಅಂತ ಬಂದರೂ ಮಗುವಿಗೆ ಸರಿಯಾಗಿ ಕೇಳಿಸುತ್ತಿರುವುದಿಲ್ಲ. ಆದ್ದರಿಂದ ಮನೆಯಲ್ಲಿ ಕಂಡದ್ದನ್ನು ಬರೆದುಕೊಂಡು ಹೋಗಿ, ಧೈರ್ಯವಾಗಿ ಹೇಳಿ.

ಸಾಮಾನ್ಯವಾಗಿ ಹಳೆಯದನ್ನು ತೆಗೆದು ಅದೇ ಕಿವಿಗೆ ಒಂದೇ ಸಲಕ್ಕೆ ಹೊಸದನ್ನು ಹಾಕುತ್ತಾರೆ. ಕೀವಾಗಿದ್ದರೆ ಕೆಲವೊಮ್ಮೆ ತೆಗೆದು, ವಾಸಿಯಾದ ಮೇಲೆ ಹಾಕುತ್ತಾರೆ. ಹೆಚ್ಚಿನವರಿಗೆ ಮೊದಲಿನಷ್ಟೇ ಕೇಳಿಸುತ್ತದೆ. ಕೆಲವರಿಗೆ ಸ್ವಲ್ಪ ಕಡಿಮೆಯಾಗಬಹುದು. ಮ್ಯಾಪಿಂಗ್ ಹೊಸದಾಗಿ ಮಾಡಿಸಬೇಕು, ಮಾತಿನ ತರಬೇತಿಯನ್ನೂ ಬಿಡಬಾರದು.

ಖರ್ಚಿನ ವಿಷಯ: ಒಳಗಿನ ಭಾಗಕ್ಕೆ ಕಂಪನಿಗಳು ಸಾಮಾನ್ಯವಾಗಿ 10 ವರ್ಷ ವಾರಂಟಿ ಕೊಡುತ್ತವೆ. ಆಸ್ಪತ್ರೆ ಖರ್ಚು ಅದರಲ್ಲಿ ಸೇರಿದೆಯೇ ಅಂತ ಮೊದಲೇ ಕೇಳಿ. ವಾರಂಟಿ ಕಾಗದ, ಯಂತ್ರದ ಕಾರ್ಡ್, ಡಿಸ್ಚಾರ್ಜ್ ಚೀಟಿಗಳನ್ನು ರೇಷನ್ ಕಾರ್ಡಿನಷ್ಟೇ ಜೋಪಾನವಾಗಿಡಿ. ಸರ್ಕಾರದ ಎಡಿಐಪಿ ಯೋಜನೆಯಲ್ಲಿ ಹಾಕಿಸಿದ್ದರೆ ಆಪರೇಷನ್ ಆದ ಆಸ್ಪತ್ರೆಯಲ್ಲೇ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲೂ ಸಲಹೆ ಪಡೆಯಬಹುದು.

ಕೆಟ್ಟ ಯಂತ್ರವನ್ನು ಬೀರುವಿನಲ್ಲಿಟ್ಟು ಸುಮ್ಮನಾಗಬೇಡಿ. ಮಗು ಕೇಳಿಸಿಕೊಳ್ಳದ ಒಂದೊಂದು ತಿಂಗಳೂ ಅದು ಕಲಿಯಬೇಕಾದ ಮಾತಿನ ನಷ್ಟ.